ಒಂದ ಕಲ್ಲು, ಎರಡು ಓದು: ನಾಲ್ಕು ಮಂದಿ ಕೂಡಿ ಸಂಶೋಧನಾ ಮಾಡೋರಿಗೆ ಯಾವ ಡೇಟಾಬೇಸ್?

ಪ್ರಶ್ನೆ: ನಮಸ್ಕಾರ ಸರ್ರ. ನಾನು ಗದಗಿನ ಒಂದು ಡಿಗ್ರಿ ಕಾಲೇಜಿನ್ಯಾಗ ಇತಿಹಾಸ ಕಲಸ್ತೀನಿ. ನಾನು, ಧಾರವಾಡದಾಗ ಶಾಸನ ಓದೋರು ಒಬ್ಬರು, ಹಾವೇರಿ ಕಡೆ ರಿಸರ್ಚ್ ಸ್ಕಾಲರ್ ಒಬ್ಬರು, ಫೋಟೋ ತಗಿಯೋ ಹುಡುಗ ಒಬ್ಬ, ಹಿಂಗ ನಾಲ್ಕು ಮಂದಿ ಕೂಡಿ ಮೂರೂ ಜಿಲ್ಲಾದ ವೀರಗಲ್ಲು, ಶಾಸನ ಪಟ್ಟಿ ಮಾಡಾಕತ್ತೇವಿ. ಸದ್ಯ 640 ಕಲ್ಲು ಎಕ್ಸೆಲ್‌ನಾಗ ಅದಾವ. ಫೈಲು ವಾಟ್ಸಾಪ್‌ನಾಗ ಅಡ್ಡಾಡ್ತೈತಿ, ಈಗ ಖರೇ ಫೈಲು ಯಾವುದು ಅಂತ ಯಾರಿಗೂ ಗೊತ್ತಿಲ್ಲ. ಮೊನ್ನೆ ಒಂದು ಕಲ್ಲಿನ ಸವದ ಸಾಲನ್ನ ನಾನು ‘ತುಱುಗೊಳೊಳ್’ ಅಂತ ಓದಿ ಹಾಕಿದ್ದೆ, ಹಾವೇರಿಯವರು ಅದನ್ನ ಅಳಿಸಿ ‘ಊರೞಿವಿನೊಳ್’ ಅಂತ ಹಾಕಿದಾರ. ಮಾತಿಗೆ ಮಾತು ಬೆಳದು ಒಂದು ವಾರ ಗ್ರೂಪ್‌ನಾಗ ಯಾರೂ ಮಾತಾಡ್ಲಿಲ್ಲ. ಒಬ್ಬರು ಎಂಎಸ್ ಆಕ್ಸೆಸ್ ತಗೋರಿ ಅಂತಾರ, ಸ್ಟೂಡೆಂಟ್ ಒಬ್ಬ 60,000 ರೂಪಾಯಿಗೆ ಆ್ಯಪ್ ಮಾಡಿಕೊಡ್ತೀನಿ ಅಂತಾನ. ನಮ್ಮ ಹತ್ರ ರೊಕ್ಕ ಇಲ್ಲ, ಕನ್ನಡದಾಗ ಟೈಪ್ ಮಾಡಾಕ ಬರಬೇಕು. ಯಾವ ಸಾಫ್ಟ್‌ವೇರ್ ತಗೊಳ್ಳೋದು?

ಉತ್ತರ: ಮೇಡಂ, ಮೊದಲ ಉತ್ತರ ಹೇಳಿಬಿಡ್ತೀನಿ, ಕಾರಣ ಆಮ್ಯಾಲೆ. ಹ್ಯೂರಿಸ್ಟ್ ಅನ್ನೋ ಡೇಟಾಬೇಸ್ ಸಾಫ್ಟ್‌ವೇರ್ ತಗೋರಿ. ಊರೂರು ಅಡ್ಡಾಡುವಾಗ ಮಾಹಿತಿ ತುಂಬಾಕ ಕೋಬೋ ಟೂಲ್‌ಬಾಕ್ಸ್ ತಗೋರಿ. ನಿಮ್ಮಷ್ಟು ಕೆಲಸಕ್ಕ ಎರಡೂ ಪುಕ್ಕಟೆ. ಆಕ್ಸೆಸ್ ಬ್ಯಾಡ, ಆ್ಯಪೂ ಬ್ಯಾಡ. ಆದ್ರ ಇವತ್ತ ಸಂಜಿಕ ಅಕೌಂಟ್ ತಗದು ಆ 640 ಸಾಲು ಹಂಗ ಅದರಾಗ ಸುರುವಿದ್ರಿ ಅಂದ್ರ ನಿಮ್ಮ ಗೊಂದಲ ವಾಟ್ಸಾಪ್ ಬಿಟ್ಟು ಯಾವುದೋ ದೇಶದ ಸರ್ವರಿಗೆ ಹೋಗಿ ಕುಂದ್ರತೈತಿ, ಅಷ್ಟ.

ಯಾಕಂದ್ರ ನಿಮ್ಮ ಪತ್ರದಾಗ ನನಗ ಕಂಡ ಮುಖ್ಯ ಮಾತು ವಾಟ್ಸಾಪ್‌ದಲ್ಲ, ಆ ಜಗಳದ್ದು. ನೀವು ತುಱುಗೊಳ್ ಅಂದ್ರಿ, ಅಂದ್ರ ಆ ವೀರ ದನ ಹೊಡಕೊಂಡು ಹೋಗೋರ ಸಂಗಟ ಬಡಿದಾಡಿ ಸತ್ತಾನ. ಅವರು ಊರೞಿವು ಅಂದ್ರು, ಅಂದ್ರ ಊರ ಹಾಳಾಗುವಾಗ ಸತ್ತಾನ. ಇಬ್ಬರೂ ಓದು ಬಲ್ಲೋರು, ಕಲ್ಲು ಸವದೈತಿ, ಇದು ಭಿನ್ನಾಭಿಪ್ರಾಯ, ತಪ್ಪಲ್ಲ. ಆದ್ರ ಎಕ್ಸೆಲ್ ಸೆಲ್ ಒಂದ ಐತಿ. ಅದರಾಗ ಒಂದ ಓದು ಹಿಡಸ್ತೈತಿ. ಹಂಗಾಗಿ ಕಡೀಕ ಯಾರು ಫೈಲು ತಗದ್ರೋ ಅವರ ಗೆದ್ದಂಗ. ನಾಲ್ಕು ಮಂದಿ ಕೂಡಿ ಮಾಡೋ ಸಂಶೋಧನಾಕ್ಕ ಡೇಟಾಬೇಸ್ ಬೇಕಾಗೋದ ಇದಕ್ಕ ನೋಡ್ರಿ, ಇಬ್ಬರು ಎರಡು ಥರ ಓದಿದ್ರ ಎರಡೂ ಉಳೀಬೇಕು, ಯಾರು ಓದಿದ್ರು ಯಾವಾಗ ಓದಿದ್ರು ಯಾವ ಫೋಟೋ ನೋಡಿ ಓದಿದ್ರು ಅನ್ನೋದೂ ಅದರ ಬಾಜೂಕ ಉಳೀಬೇಕು. ನಾ ಯಾವ ಸಾಫ್ಟ್‌ವೇರ್ ನೋಡಿದ್ರೂ ಮೊದಲ ಇದನ್ನ ಕೇಳ್ತೀನಿ. ಚಂದ ಕಾಣ್ತೈತೋ ಇಲ್ಲೋ, ನಕಾಶೆ ಬರ್ತೈತೋ ಇಲ್ಲೋ, ಅವೆಲ್ಲ ಆಮ್ಯಾಲಿನ ಮಾತು.

ಎಕ್ಸೆಲ್ ಮ್ಯಾಲೆ ನನಗ ಸಿಟ್ಟಿಲ್ಲ, ದಿನಾ ಅದರಾಗ ಕೆಲಸ ಮಾಡ್ತೀನಿ, ಆದ್ರ ಅದು ಕೇಳದ ಕೈ ಹಾಕ್ತೈತಿ. ‘ಸಾಲು 3ರಿಂದ 12’ ಅನ್ನೋದನ್ನ ನೀವು ಚೊಕ್ಕಾಗಿ 3-12 ಅಂತ ಹೊಡೀರಿ, ಎಂಟರ್ ಒತ್ತಿದ ಕೂಡಲೆ ಅದು ತಾರೀಖು ಆಗಿರ್ತೈತಿ. ಜೀವಶಾಸ್ತ್ರದವರಿಗೆ ಇದು ಭಾಳ ವರ್ಷ ಕಾಡ್ತು. ಅವರಲ್ಲಿ ಸೆಪ್ಟ್2, ಮಾರ್ಚ್1 ಅಂತ ಜೀನ್‌ಗಳ ಹೆಸರು ಇದ್ವು, ಎಕ್ಸೆಲ್ ಎಲ್ಲಾನೂ ಸೆಪ್ಟೆಂಬರ್, ಮಾರ್ಚ್ ತಾರೀಖು ಮಾಡಿ ಇಡ್ತಿತ್ತು, ಕಡೀಕ 2020ರಾಗ ಹೆಸರಿಡೋ ಸಮಿತಿಯವರ ಸೋತು ಜೀನ್‌ಗಳ ಹೆಸರನ್ನ ಬದಲಿ ಮಾಡಿದ್ರು! ಇನ್ನ ನಿಮ್ಮ ಕೆಲಸಕ್ಕಂತೂ ಇನ್ನೊಂದು ತ್ರಾಸು ಐತಿ, ಎಕ್ಸೆಲ್‌ಗೆ 1900ಕ್ಕಿಂತ ಹಿಂದಿನ ತಾರೀಖು ತಾರೀಖೇ ಅಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಕಲ್ಲು ತಗೊಂಡು ಅದರ ಮುಂದ ಕುಂತ್ರ ಏನ್ ಆಗ್ತೈತಿ ನೀವ ನೋಡೀರಿ.

ನಂದೂ ಒಂದು ಕತಿ ಐತಿ. ಏಳೆಂಟು ವರ್ಷದ ಹಿಂದ ಬೀಸುಕಲ್ಲಿನ ಪದ, ಸೋಬಾನ ಪದ ರೆಕಾರ್ಡ್ ಮಾಡೋ ಒಂದು ಸಣ್ಣ ಪ್ರಾಜೆಕ್ಟ್‌ನಾಗ ಡೇಟಾ ನೋಡ್ಕೊಳ್ಳೋ ಕೆಲಸ ನಂದಿತ್ತು. ನಾನೂರಕ್ಕ ಮಿಕ್ಕಿ ಹಾಡು, ಒಂದ ಶೀಟು. ಯಾರೋ ಒಬ್ಬರು ಹಾಡಿದವರ ಹೆಸರಿನ ಕಾಲಂ ಅಷ್ಟ ಸೆಲೆಕ್ಟ್ ಮಾಡಿ ಸಾರ್ಟ್ ಒತ್ತಿಬಿಟ್ರು. ಎಕ್ಸೆಲ್ ಕೇಳ್ತೈತಿ, ಬಾಜೂಕಿನ ಕಾಲಂನೂ ಸೇರಸ್ಲೇನು ಅಂತ, ಅವರು ಬ್ಯಾಡ ಅಂದಾರ. ಹೆಸರೆಲ್ಲ ಅಕಾರಾದಿ ಚಂದ ಕುಂತ್ವು, ಊರು ಮತ್ತ ಹಾಡು ಇದ್ದಲ್ಲೇ ಉಳದ್ವು. ಮೂರು ವಾರ ಯಾರಿಗೂ ಗೊತ್ತಾಗಲಿಲ್ಲ, ಅದರ ಮ್ಯಾಲೆ ಹೊಸ ಸಾಲೂ ತುಂಬಿದ್ವಿ. ಒಂದಿನ ನೋಡ್ತೀನಿ ರೋಣದ ಕಡೆ ಅಜ್ಜಿ ಒಬ್ಬಾಕಿ ಬ್ಯಾಡಗಿ ತಾಲೂಕಿನ ಊರಾಗ ಕುಂತಾಳ. ಪುಣ್ಯಾಕ ನಾವು ಪ್ರತಿ ರೆಕಾರ್ಡಿಂಗ್ ಸುರುವಿಗೆ ಹಾಡೋರ ಕಡಿಂದನ ಹೆಸರು, ಊರು ಹೇಳಿಸಿದ್ವಿ, ಹಂಗಾಗಿ ಎರಡು ತಿಂಗಳು ಕುಂತು ಎಲ್ಲಾ ಹೊಳ್ಳಿ ಕೇಳಿ ತಿದ್ದಿದ್ವಿ. ಅದಿಲ್ಲದಿದ್ರ ಆ ಪ್ರಾಜೆಕ್ಟ್ ಅಲ್ಲಿಗೆ ಮುಗೀತಿತ್ತು. ಡೇಟಾಬೇಸ್‌ನಾಗ ಈ ಅನಾಹುತ ಆಗಂಗಿಲ್ಲ, ಯಾಕಂದ್ರ ಅಲ್ಲಿ ಸಾಲು ಅನ್ನೋದು ಒಂದ ಗಂಟು, ಬಿಚ್ಚಾಕ ಬರಂಗಿಲ್ಲ, ನೀವು ಹೆಂಗ ಬೇಕಾದ್ರೂ ಸಾರ್ಟ್ ಮಾಡ್ರಿ, ಕಣ್ಣಿಗೆ ಕಾಣೋ ಕ್ರಮ ಬದಲಾಗ್ತೈತಿ, ಒಳಗಿನ ಗಂಟು ಹಂಗ ಇರ್ತೈತಿ.

ಈಗ ಕೆಲಸದ ಮಾತು. ಸಾಫ್ಟ್‌ವೇರ್ ಮುಟ್ಟೂಕಿಂತ ಮೊದಲ ನಾಲ್ಕೂ ಮಂದಿ ಒಂದು ದಿನ ಧಾರವಾಡದಾಗೋ ಗದಗಿನ್ಯಾಗೋ ಒಂದು ಕಡೆ ಕುಂದ್ರರಿ, ದೊಡ್ಡ ಹಾಳಿ ತಗೋರಿ, ಪೆನ್ಸಿಲ್ ತಗೋರಿ. ನಿಮ್ಮ ಒಂದು ಸಾಲಿನ್ಯಾಗ ಈಗ ಎಷ್ಟು ಬ್ಯಾರೆ ಬ್ಯಾರೆ ವಸ್ತು ಅದಾವ ಎಣಸ್ರಿ. ಕಲ್ಲು ಒಂದು, ಊರು ಒಂದು, ಓದು ಒಂದು, ಫೋಟೋ ಒಂದು, ಓದಿದ ಮನಶ್ಯಾ ಒಬ್ಬ. ಐದು ಆದ್ವಲ್ಲ, ಐದು ಟೇಬಲ್ ಆಗಬೇಕು. ಒಂದ ಊರಿಗೆ ಹತ್ತು ಕಲ್ಲು ಇರ್ತಾವ, ಒಂದು ಕಲ್ಲಿಗೆ ಆರು ಫೋಟೋ ಇರ್ತಾವ, ಒಂದು ಕಲ್ಲಿಗೆ ಎರಡೋ ಮೂರೋ ಓದು ಇರ್ತಾವ, ಒಂದಕ್ಕೊಂದು ನಂಬರಿನಿಂದ ಗಂಟು ಹಾಕೋದು. ಇದು ಹೊಸಾದೇನಲ್ಲ, ಐಬಿಎಂನಾಗಿದ್ದ ಎಡ್ಗರ್ ಕಾಡ್ ಅನ್ನೋರು 1970ರಾಗ ಬರದಿಟ್ಟ ವಿಚಾರ, ಇವತ್ತಿಗೂ ಭಾಳಷ್ಟು ದೊಡ್ಡ ದೊಡ್ಡ ಡೇಟಾಬೇಸ್ ಇದರ ಮ್ಯಾಲೆ ನಡದಾವ. ನಿಮ್ಮ ಜಗಳದ ಪರಿಹಾರ ಇಲ್ಲೇ ಐತಿ ನೋಡ್ರಿ, ‘ಓದು’ ಅನ್ನೋದು ಕಲ್ಲಿನ ಟೇಬಲ್‌ನಾಗ ಒಂದು ಕಾಲಂ ಆಗಿ ಇರಬಾರದು, ಅದ ಸ್ವಂತ ಟೇಬಲ್ ಆಗಬೇಕು. ನಿಮ್ಮ ತುಱುಗೊಳ್ ಒಂದು ರೆಕಾರ್ಡ್, ಅವರ ಊರೞಿವು ಇನ್ನೊಂದು ರೆಕಾರ್ಡ್, ಎರಡೂ ಅದ ಕಲ್ಲಿಗೆ ಕಟ್ಟಿದ್ದು. ಯಾರೂ ಯಾರದ್ದೂ ಅಳಸೂ ಪ್ರಶ್ನೆ ಬರಂಗಿಲ್ಲ. ಪುಸ್ತಕಕ್ಕ ಯಾವುದನ್ನ ಒಪ್ಪಿದ್ರಿ ಅನ್ನೋದಕ್ಕ ಒಂದು ಟಿಕ್ ಇಡ್ರಿ, ಸಾಕು.

ಕಲ್ಲಿಗೆ ನಂಬರ್ ಕೊಡೋದು. ಇದರಾಗ ಭಾಳ ಮಂದಿ ಜಾಣತನ ಮಾಡಾಕ ಹೋಗಿ ಎಡವ್ತಾರ. ಗದಗ-ರೋಣ-ನರೇಗಲ್-3 ಅಂತ ನಂಬರಿನ್ಯಾಗ ಜಿಲ್ಲಾ ತಾಲೂಕು ಎಲ್ಲಾ ತುರುಕ್ತಾರ. ಬ್ಯಾಡ್ರಿ. ಗದಗ, ಹಾವೇರಿ ಎರಡೂ 1997ರ ತನಕ ಧಾರವಾಡ ಜಿಲ್ಲಾದಾಗ ಇದ್ವು, ಹಳೇ ಶಾಸನ ಸಂಪುಟ, ಹಳೇ ವರದಿ ಎಲ್ಲಾದ್ರಾಗೂ ಧಾರವಾಡ ಜಿಲ್ಲಾ ಅಂತನ ಇರ್ತೈತಿ. ಆಮ್ಯಾಲೆ ಗಜೇಂದ್ರಗಡ ರೋಣದಿಂದ ಒಡೀತು, ಲಕ್ಷ್ಮೇಶ್ವರ ಶಿರಹಟ್ಟಿಯಿಂದ, ರಟ್ಟೀಹಳ್ಳಿ ಹಿರೇಕೆರೂರಿನಿಂದ, ಅಣ್ಣಿಗೇರಿ ನವಲಗುಂದದಿಂದ ಬ್ಯಾರೆ ತಾಲೂಕು ಆದ್ವು. ಕಲ್ಲು ಕುಂತಲ್ಲೇ ಕುಂತೈತಿ, ಅದರ ಅಡ್ರೆಸ್ ಮಾತ್ರ ಮ್ಯಾಲಿಂದ ಮ್ಯಾಲೆ ಬದಲಾಗ್ತೈತಿ. ಹಂಗಾಗಿ ನಂಬರಿಗೆ ಅರ್ಥ ಇರಬಾರದು, ಬರೇ 0001, 0002, 0003. ಒಂದು ಸಲ ಕೊಟ್ಟ ನಂಬರ್ ಆ ಕಲ್ಲಿಂದ, ಆ ಕಲ್ಲು ಎರಡು ಸಲ ಎಂಟ್ರಿ ಆಗೈತಿ ಅಂತ ಗೊತ್ತಾಗಿ ಒಂದನ್ನ ತಗದ್ರೂ ಆ ಖಾಲಿ ನಂಬರನ್ನ ಇನ್ನೊಂದಕ್ಕ ಕೊಡಬ್ಯಾಡ್ರಿ.

ಊರಿನ ಟೇಬಲ್ ಬ್ಯಾರೆ ಇರಬೇಕು ಅನ್ನೋದಕ್ಕ ನರೇಗಲ್ ಒಂದ ಸಾಕು. ಗದಗ ಜಿಲ್ಲಾದಾಗ ರೋಣದ ಕಡೆ ಒಂದು ನರೇಗಲ್ ಐತಿ, ರಾಷ್ಟ್ರಕೂಟರ ಕಾಲದ ಜೈನ ಗುಡಿ ಇರೋ ಊರು. ಹಾವೇರಿ ಜಿಲ್ಲಾದಾಗ ಹಾನಗಲ್ಲ ತಾಲೂಕಿನ್ಯಾಗ ಇನ್ನೊಂದು ನರೇಗಲ್ ಐತಿ, ಸರ್ವೇಶ್ವರ ಗುಡಿ ಇರೋದು. ನಿಮ್ಮ ಶೀಟಿನ್ಯಾಗ ಬರೇ ‘ನರೇಗಲ್’ ಅಂತ ಬರದಿದ್ರ ಇನ್ನೆರಡು ವರ್ಷಕ್ಕ ಅದು ಯಾವ ನರೇಗಲ್ ಅಂತ ಬರದವರಿಗೂ ನೆನಪಿರಂಗಿಲ್ಲ. ಅದರ ಮ್ಯಾಲೆ ಒಬ್ಬರು ನರೇಗಲ್ಲ ಅಂತ ಬರೀತಾರ, ಒಬ್ಬರು ನರೆಗಲ್ ಅಂತ. ಕಂಪ್ಯೂಟರಿಗೆ ಇವು ಮೂರು ಊರು. ಹುಬ್ಬಳ್ಳಿಯಂತೂ ಕೇಳಬ್ಯಾಡ್ರಿ, ಇಂಗ್ಲಿಷ್‌ನಾಗ 2014ರ ನವೆಂಬರ್ 1ಕ್ಕ ಸ್ಪೆಲಿಂಗೇ ಬದಲಾತು. ಕೇಂದ್ರ ಸರ್ಕಾರದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿ ಅಂತ ಐತಿ, ಎಲ್‌ಜಿಡಿ ಅಂತಾರ, ಅದರಾಗ ದೇಶದ ಪ್ರತಿ ಹಳ್ಳಿಗೂ ಒಂದೊಂದು ಕೋಡ್ ಇರ್ತೈತಿ, ಪುಕ್ಕಟೆ ಇಳಿಸ್ಕೋಬಹುದು. ಮೂರು ಜಿಲ್ಲಾದ ಪಟ್ಟಿ ಇಳಿಸಿ ಊರಿನ ಟೇಬಲ್ ಮಾಡ್ರಿ, ಕಲ್ಲು ತುಂಬೋರು ಊರಿನ ಹೆಸರು ಟೈಪ್ ಮಾಡಬಾರದು, ಪಟ್ಟಿಯಿಂದ ಆರಿಸಬೇಕು. ಹಳೇ ಹೆಸರಿಗೂ ಅಲ್ಲೇ ಜಾಗ ಇಡ್ರಿ, ಲಕ್ಕುಂಡಿಗೆ ಲೊಕ್ಕಿಗುಂಡಿ, ಲಕ್ಷ್ಮೇಶ್ವರಕ್ಕ ಪುಲಿಗೆರೆ, ಹಾನಗಲ್ಲಿಗೆ ಪಾನುಂಗಲ್, ಹಿಂಗ.

ಇನ್ನೊಂದು, ವೀರಗಲ್ಲು ಅಡ್ಡಾಡ್ತಾವ. ಹೊಲದಾಗ ಇದ್ದದ್ದನ್ನ ಟ್ರ್ಯಾಕ್ಟರ್‌ನಾಗ ತಂದು ಹನಮಪ್ಪನ ಗುಡಿ ಕಟ್ಟಿಗೆ ಆನಿಸಿ ನಿಲ್ಲಸ್ತಾರ, ಕೆರಿ ದಂಡ್ಯಾಗಿನ ಕಲ್ಲು ಮ್ಯೂಸಿಯಂ ಸೇರ್ತೈತಿ. ಜಿಪಿಎಸ್ ಪಾಯಿಂಟಿನ ಸಂಗಟ ‘ಯಾವಾಗ ಇಲ್ಲಿ ನೋಡಿದ್ದು’ ಅನ್ನೋ ತಾರೀಖು ಕಡ್ಡಾಯ ಇರ್ಲಿ, ಹಳೇ ಜಾಗ ಅಳಸಬ್ಯಾಡ್ರಿ, ಹೊಸಾದು ಸೇರಸ್ರಿ.

ಕಾಲದ ಬಗ್ಗೆ ಸ್ವಲ್ಪ ತಡದು ಹೇಳ್ತೀನಿ, ನೀವು ಇತಿಹಾಸದವರು, ನಿಮಗ ಗೊತ್ತಿದ್ದದ್ದ, ಆದ್ರ ಡೇಟಾಬೇಸ್‌ನಾಗ ಇದು ಹೆಂಗ ಕುಂದ್ರಬೇಕು ಅನ್ನೋದು ಬ್ಯಾರೆ. ಲಕ್ಕುಂಡಿಯ ಅತ್ತಿಮಬ್ಬೆ ಶಾಸನ ತಗೋರಿ, ಶಕ 929, ಅಂದ್ರ 78 ಕೂಡಿಸಿದ್ರ ಕ್ರಿ.ಶ. 1007. ಆದ್ರ ಪುಷ್ಯ, ಮಾಘ, ಫಾಲ್ಗುಣದ ಶಾಸನ ಇದ್ರ ಹೆಚ್ಚಿನ ಸಲ ಇಂಗ್ಲಿಷ್ ವರ್ಷ ದಾಟಿರ್ತೈತಿ, 79 ಕೂಡಿಸಬೇಕು. ಶಕ ವರ್ಷ ಗತವೋ (ಮುಗದ ವರ್ಷವೋ) ವರ್ತಮಾನವೋ (ನಡದ ವರ್ಷವೋ) ಅನ್ನೋದು ಇನ್ನೊಂದು ತಕರಾರು. ಒಬ್ಬರು ಹಂಗ ಒಬ್ಬರು ಹಿಂಗ ಕೂಡಿಸಿ ಬರೇ ಕ್ರಿ.ಶ. ವರ್ಷ ಹಾಕಿದ್ರ ಆಮ್ಯಾಲೆ ಯಾರು ಹೆಂಗ ಮಾಡ್ಯಾರ ಅಂತ ಹಿಡಿಯೋದು ಸಾಧ್ಯಾನ ಇಲ್ಲ. ಅದಕ್ಕ ಕಲ್ಲಿನ್ಯಾಗ ಇದ್ದದ್ದನ್ನ ಇದ್ದಂಗ ಒಂದು ಕಡೆ ಬರೀರಿ, ಶಕ ವರ್ಷ, ಸಂವತ್ಸರ, ಮಾಸ, ತಿಥಿ, ವಾರ. ನೀವು ಲೆಕ್ಕ ಹಾಕಿದ್ದು ಇನ್ನೊಂದು ಕಡೆ, ‘ಈ ವರ್ಷದಿಂದ’, ‘ಈ ವರ್ಷದ ತನಕ’ ಅಂತ ಎರಡು ಕಾಲಂ. ವೀರಗಲ್ಲಿನ್ಯಾಗ ಎಷ್ಟೋ ಸಲ ಶಕ ವರ್ಷ ಇರಂಗಿಲ್ಲ, ಬರೇ ಪ್ಲವಂಗ ಸಂವತ್ಸರ ಅಂತ ಇರ್ತೈತಿ. ಪ್ಲವಂಗ 1007ಕ್ಕೂ ಬರ್ತೈತಿ, 1067ಕ್ಕೂ ಬರ್ತೈತಿ, 1127ಕ್ಕೂ ಬರ್ತೈತಿ. ಲಿಪಿ ನೋಡಿ ಒಬ್ಬರು ಒಂದು ಅಂತಾರ ಇನ್ನೊಬ್ಬರು ಇನ್ನೊಂದು, ಅಂದ್ರ ಇದೂ ಓದಿನ ಭಾಗ, ಓದಿನ ಟೇಬಲ್‌ನಾಗ ಇರ್ಲಿ. ಹಂಗ ಕಲ್ಲು ಕಂಡವರು ಒಬ್ಬರು, ಅರ್ಥ ಮಾಡಿದವರು ಇನ್ನೊಬ್ಬರು ಅನ್ನೋದು ಬ್ಯಾರೆ ಬ್ಯಾರೆ ಆಗಿ ಉಳೀತೈತಿ.

ಕನ್ನಡ ಟೈಪಿಂಗ್. ಇದ ನಿಮಗ ಎಲ್ಲಾಕ್ಕಿಂತ ಹೆಚ್ಚು ಕಾಡೋದು ಅಂತ ನನ್ನ ಅಂದಾಜು. ನಿಮ್ಮ 640ರಾಗ ಒಂದಿಷ್ಟು ಸಾಲು ಹಳೇ ನುಡಿ ಫಾಂಟಿನ್ಯಾಗ ಹೊಡದದ್ದು ಖಂಡಿತ ಇರ್ತೈತಿ. ಅದು ಕನ್ನಡ ಅಲ್ಲ, ಇಂಗ್ಲಿಷ್ ಅಕ್ಷರಕ್ಕ ಕನ್ನಡದ ಅಂಗಿ ತೊಡಿಸಿದ್ದು, ಫಾಂಟ್ ತಗದ್ರ ಬಣ್ಣ ಬಯಲು. ಯಾವ ಡೇಟಾಬೇಸೂ ಅದರಾಗ ಹುಡುಕಾಕ ಆಗಂಗಿಲ್ಲ. ಎಲ್ಲಾ ಯೂನಿಕೋಡಿಗೆ, ಅಂದ್ರ ಎಲ್ಲಾ ಕಂಪ್ಯೂಟರಿಗೂ ತಿಳಿಯೋ ಅಕ್ಷರದ ಕೋಡಿಗೆ ತರ್ರಿ, ಕನ್ವರ್ಟರ್ ಪುಕ್ಕಟೆ ಸಿಗ್ತಾವ, ಆದ್ರ ಕನ್ವರ್ಟ್ ಆದ ಮ್ಯಾಲೆ ಒತ್ತಕ್ಷರ, ಅರ್ಕಾವತ್ತು ಇರೋ ಪದಗಳನ್ನ ಕಣ್ಣಿಲೆ ನೋಡ್ರಿ, ಜಾರೋದು ಅಲ್ಲೇ.

ಯೂನಿಕೋಡ್ ಆದ ಕೂಡಲೆ ಎಲ್ಲಾ ಸುದ್ದ ಅಂತೂ ಅಲ್ಲ. ‘ಕೊ’ ಅನ್ನೋ ಅಕ್ಷರದ ಸ್ವರಚಿಹ್ನೆನ ಒಂದ ಕೋಡ್ ಆಗಿ ಇಡಬಹುದು, ಎರಡು ತುಂಡು ಮಾಡಿ, ಎತ್ವ ಆಮ್ಯಾಲೆ ಊಕಾರದ ಕೊಂಬು, ಹಂಗೂ ಇಡಬಹುದು. ಸ್ಕ್ರೀನ್ ಮ್ಯಾಲೆ ಎರಡೂ ಒಂದ, ಹುಡುಕಿದ್ರ ಒಂದು ಸಿಗ್ತೈತಿ ಇನ್ನೊಂದು ಸಿಗಂಗಿಲ್ಲ. ‘ಸಾಫ್ಟ್‌ವೇರ್’ ಅಂತ ಬರಿಯೋವಾಗ ನಡುವ ಕಣ್ಣಿಗೆ ಕಾಣದ ಒಂದು ಚಿಹ್ನಿ ಕುಂತಿರ್ತೈತಿ, ವಕಾರ ಒತ್ತಾಗಿ ಕೆಳಗ ಇಳೀಬಾರದು ಅಂತ, ಒಬ್ಬರ ಕೀಬೋರ್ಡ್ ಅದನ್ನ ಹಾಕ್ತೈತಿ ಇನ್ನೊಬ್ಬರದ್ದು ಹಾಕಂಗಿಲ್ಲ. ಕನ್ನಡ ಅಂಕಿ ೧೦ ಬರಿಯೋ ಕಡೆ ಸೊನ್ನೆ ಬದಲಿ ಅನುಸ್ವಾರ ಹೊಡದು ೧ಂ ಅಂತ ಮಾಡಿದ ಶೀಟು ನಾ ಕಂಡದ್ದು ಒಂದೆರಡಲ್ಲ. ಇಂಥಾವನ್ನೆಲ್ಲ ಒಂದ ಹದಕ್ಕ ತರೋದಕ್ಕ ನಾರ್ಮಲೈಸೇಶನ್ ಅಂತಾರ, ತುಂಡು ಕೋಡ್‌ಗಳನ್ನ ಓಪನ್‌ರಿಫೈನ್ ಅನ್ನೋ ಪುಕ್ಕಟೆ ಸಾಫ್ಟ್‌ವೇರಿನ್ಯಾಗ ಒಂದು ಸಣ್ಣ ಸೂತ್ರ ಹಾಕಿ ಜೋಡಿಸಬಹುದು, ಉಳಿದದ್ದಕ್ಕ ಹುಡುಕಿ ಬದಲಿಸೋದು ಸಾಕು. ಅದ ಓಪನ್‌ರಿಫೈನ್ ನಿಮ್ಮ ನರೇಗಲ್, ನರೇಗಲ್ಲ, ನರೆಗಲ್ ಮೂರನ್ನೂ ಒಂದ ಕಡೆ ಗುಂಪು ಮಾಡಿ ತೋರಸ್ತೈತಿ, ಒಂದ ಮಾಡ್ಲೇನು ಅಂತ ಕೇಳ್ತೈತಿ. ಯಾವ ಎರಡನ್ನ ಕೂಡಿಸಬೇಕು ಅಂತ ಹೇಳೋರು ಮಾತ್ರ ನೀವ.

ಹಳಗನ್ನಡದ ಱ, ೞ ಎರಡೂ ಯೂನಿಕೋಡಿನ್ಯಾಗ ಅದಾವ, ಚಿಂತಿ ಇಲ್ಲ. (ೞ ಅಕ್ಷರಕ್ಕ ಯೂನಿಕೋಡಿನವರು ಇಟ್ಟ ಅಧಿಕೃತ ಹೆಸರು ‘ಫ’ ಅಂತ! ತಪ್ಪು ಅಂತ ಅವರ ಟಿಪ್ಪಣಿ ಹಾಕ್ಯಾರ, ಆದ್ರ ಒಮ್ಮೆ ಇಟ್ಟ ಹೆಸರು ಬದಲಾಸಂಗಿಲ್ಲ ಅನ್ನೋದು ಅವರ ನಿಯಮ, ಹಂಗಾಗಿ ಪಾಪ ಅದು ಹಂಗ ಉಳದೈತಿ.) ಆದ್ರ ನಿಮ್ಮ ವಿದ್ಯಾರ್ಥಿ ಒಬ್ಬ ‘ತುರು’ ಅಂತ ಹುಡುಕಿದ್ರ ‘ತುಱು’ ಸಿಗಂಗಿಲ್ಲ. ಅದಕ್ಕ ಓದಿನ ಟೇಬಲ್‌ನಾಗ ಪಾಠಕ್ಕ ಎರಡು ಜಾಗ ಮಾಡ್ರಿ, ಒಂದು ಕಲ್ಲಿನ್ಯಾಗ ಇದ್ದಂಗ, ಇನ್ನೊಂದು ಈಗಿನ ಅಕ್ಷರದಾಗ ಬರೇ ಹುಡುಕಾಟಕ್ಕ.

ಈಗ ಹ್ಯೂರಿಸ್ಟ್ ಯಾಕ ಅಂದೆ. ಅದು ಸಿಡ್ನಿ ಯೂನಿವರ್ಸಿಟಿಯೊಳಗ ಇಯಾನ್ ಜಾನ್ಸನ್ ಅನ್ನೋರು ಸುರು ಮಾಡಿದ್ದು, ಅವರು ಪುರಾತತ್ವದ ಕಡಿಂದ ಬಂದವರು, ಹಂಗಾಗಿ ನಮ್ಮಂಥ ಕೆಲಸದ ತ್ರಾಸು ಅವರಿಗೆ ಗೊತ್ತು. ಓಪನ್ ಸೋರ್ಸ್, ಬ್ರೌಸರಿನ್ಯಾಗ ನಡೀತೈತಿ, ಪ್ರೋಗ್ರಾಮಿಂಗ್ ಬೇಕಿಲ್ಲ. ಮೆನು ಇಂಗ್ಲಿಷ್‌ನಾಗ ಐತಿ, ಆದ್ರ ಕಾಲಂ ಹೆಸರು, ಪಟ್ಟಿ, ಮಾಹಿತಿ ಎಲ್ಲಾ ಕನ್ನಡದಾಗ ಹಾಕಬಹುದು. ಹಾಳಿ ಮ್ಯಾಲೆ ಗೀಚಿದ ಐದು ಟೇಬಲ್‌ನ ಅಲ್ಲಿ ರೆಕಾರ್ಡ್ ಟೈಪ್ ಅಂತಾರ, ಒಂದರಿಂದ ಇನ್ನೊಂದಕ್ಕ ಗಂಟು ಹಾಕೋದು ಪಾಯಿಂಟರ್. ನಡುವ ಕಾಲಂ ಒಂದು ಮರತಿದ್ವಿ ಅಂತ ಅನಿಸಿದ್ರ ಸೇರಸಬಹುದು, ಮೊದಲಿಂದ ಕಟ್ಟೋದು ಬೇಕಾಗಂಗಿಲ್ಲ. ‘ಸುಮಾರು 11ನೇ ಶತಮಾನ’ ಅಂತ ಮಸುಕು ಕಾಲವನ್ನೂ ತಗೋತೈತಿ, ನಕಾಶೆ ಮತ್ತ ಟೈಮ್‌ಲೈನ್ ಮ್ಯಾಲೆ ತೋರಸ್ತೈತಿ. ನನಗ ಹಿಡಿಸಿದ್ದು ಏನಂದ್ರ ಪ್ರತಿ ರೆಕಾರ್ಡಿಗೂ ಒಬ್ಬ ಧಣಿ ಇರ್ತಾನ, ನಿಮ್ಮ ಓದನ್ನ ನೀವ ತಿದ್ದಬಹುದು, ಹಾವೇರಿಯವರು ನೋಡಬಹುದು ಆದ್ರ ತಿದ್ದಾಕ ಆಗಂಗಿಲ್ಲ ಅಂತ ಇಡಬಹುದು. ಕಡೀಕ ಇಡೀ ಡೇಟಾಬೇಸ್‌ನ ಫೋಟೋ ಸಮೇತ ಗಂಟು ಕಟ್ಟಿ ಇಳಿಸ್ಕೊಳ್ಳೋ ಅವಕಾಶ ಐತಿ. ಕೊರತಿನೂ ಹೇಳ್ತೀನಿ, ಮೊದಲ ನೋಡಿದಾಗ ಅದರ ಸ್ಕ್ರೀನು ಸಂತ್ಯಾಗ ಬಿಟ್ಟಂಗ ಅನಸ್ತೈತಿ, ಎಲ್ಲಿ ನೋಡಿದ್ರೂ ಬಟನ್. ಎರಡು ವಾರ ತ್ರಾಸು ತಗೋಬೇಕು.

ಉಳದವು ಯಾಕ ಬ್ಯಾಡ ಅನ್ನೋದು ಲಗೂನ ಹೇಳಿ ಮುಗಸ್ತೀನಿ. ಆಕ್ಸೆಸ್ ವಿಂಡೋಸ್ ಕಂಪ್ಯೂಟರಿಗೆ ಅಷ್ಟ, ಒಂದ ಆಫೀಸಿನ ಒಂದ ನೆಟ್‌ವರ್ಕಿನ್ಯಾಗ ಚಲೋ, ಮೂರು ಊರಿಂದ ಇಂಟರ್ನೆಟ್ ಮ್ಯಾಲೆ ಹಂಚ್ಕೊಳ್ಳಾಕ ಅದನ್ನ ಮಾಡಿಲ್ಲ, ಫೈಲು 2 ಜಿಬಿ ದಾಟಂಗಿಲ್ಲ. ಏರ್‌ಟೇಬಲ್ ಕಣ್ಣಿಗೆ ಚಂದ, ಆದ್ರ ಪುಕ್ಕಟೆ ಪ್ಲಾನಿನ್ಯಾಗ ಒಂದು ಡೇಟಾಬೇಸ್‌ಗೆ ಸಾವಿರ ಸಾಲಿನ ಮಿತಿ, ನಿಮ್ಮ ಫೋಟೋ ಪಟ್ಟಿ ಒಂದಕ್ಕನ ಅದು ಸಾಲಂಗಿಲ್ಲ. ಒಮೆಕಾ ಅಮೆರಿಕಾದ ಜಾರ್ಜ್ ಮೇಸನ್ ಯೂನಿವರ್ಸಿಟಿಯೊಳಗ ಸುರು ಆದದ್ದು, ಅದು ಪ್ರದರ್ಶನದ ಸಾಮಾನು, ಕೆಲಸ ಮುಗದ ಮ್ಯಾಲೆ ಜನಕ್ಕ ತೋರಸಾಕ ಬೇಕಾದ್ರ ನೋಡ್ರಿ. ರೆಡ್‌ಕ್ಯಾಪ್ ಅಂತ ವ್ಯಾಂಡರ್‌ಬಿಲ್ಟ್ ಯೂನಿವರ್ಸಿಟಿಯವರು 2004ರಾಗ ಮಾಡಿದ್ದು, ಆಸ್ಪತ್ರಿ ಕಡೆ ಸಂಶೋಧನಾದವರಿಗೆ ದೇವರಿದ್ದಂಗ, ರೋಗಿ ಮಾಹಿತಿಗೆ ಅದ ಸರಿ, ಕಲ್ಲಿಗಲ್ಲ. ಗೂಗಲ್ ಶೀಟ್ಸ್? ಖರೇ ಹೇಳ್ಬೇಕಂದ್ರ ನಾಲ್ಕು ಮಂದಿ, 640 ಕಲ್ಲು ಅಂದ್ರ ಐದು ಟ್ಯಾಬ್ ಮಾಡಿ ಶಿಸ್ತಿಲೆ ನಡಸಿದ್ರ ಅದೂ ನಡೀತೈತಿ, ಯಾರು ಯಾವಾಗ ಏನ್ ಬದಲಿಸಿದ್ರು ಅನ್ನೋ ಹಿಸ್ಟರಿನೂ ಅದರಾಗ ಇರ್ತೈತಿ. ಹ್ಯೂರಿಸ್ಟ್ ಕಲಿಯೋ ಎರಡು ವಾರ ಸದ್ಯ ಇಲ್ಲ ಅಂದ್ರ ಅಲ್ಲೇ ಸುರು ಮಾಡ್ರಿ, ಆದ್ರ ಟೇಬಲ್ ಐದು ಇರ್ಲಿ, ನಂಬರ್ ಇರ್ಲಿ, ಆಮ್ಯಾಲೆ ಹ್ಯೂರಿಸ್ಟಿಗೆ ಸಾಗಿಸೋದು ಹಗುರ ಆಗ್ತೈತಿ.

ಹಳ್ಳಿಗೆ ಹೋದಾಗ ನೆಟ್‌ವರ್ಕ್ ಇರಂಗಿಲ್ಲ, ಅದಕ್ಕ ಕೋಬೋ. ಫೋನಿನ್ಯಾಗ ಫಾರ್ಮ್ ಇರ್ತೈತಿ, ನೆಟ್ ಇಲ್ಲದನ ತುಂಬಬಹುದು, ಜಿಪಿಎಸ್ ತಾನ ತಗೋತೈತಿ, ಸಂಜಿಕ ಊರಿಗೆ ಬಂದು ಕಳಸಿದ್ರ ಆತು. ಫೋಟೋ ಹುಡುಗಗ ಒಂದು ಮಾತು ಹೇಳ್ರಿ, ಪ್ರತಿ ಕಲ್ಲಿನ ಮೊದಲ್ನೇ ಫೋಟೋದಾಗ ನಂಬರ್ ಬರದ ಚೀಟಿ ಕಲ್ಲಿನ ಬಾಜೂಕ ಇಡಬೇಕು, ಒಂದು ಸ್ಕೇಲೂ ಇಡಬೇಕು. ವಾಟ್ಸಾಪ್‌ನಾಗ ಫೋಟೋ ಕಳಸಬಾರದು, ಅದು ಫೋಟೋ ಹಿಂಡಿ ಸಣ್ಣದು ಮಾಡ್ತೈತಿ, ಒಳಗಿನ ಜಿಪಿಎಸ್ಸು ತಾರೀಖು ಎಲ್ಲಾ ತಗದು ಒಗೀತೈತಿ, ಕಳಸಲೇಬೇಕಂದ್ರ ಡಾಕ್ಯುಮೆಂಟ್ ಅಂತ ಕಳಸ್ಲಿ. ಮತ್ತ ಬಯಲಾಗ ಬಿಡಿ ನಿಂತ ಕಲ್ಲಿನ ಕರಾರುವಾಕ್ ಜಿಪಿಎಸ್ ಜನರಿಗೆ ಕಾಣೋ ಪುಟದಾಗ ಇಡಬ್ಯಾಡ್ರಿ, ಊರಿನ ಹೆಸರು ಸಾಕು. ಮೂರ್ತಿ, ಕಲ್ಲು ಕದಿಯೋರಿಗೆ ನಾವ ದಾರಿ ತೋರಿಸಿದಂಗ ಆಗಬಾರದು.

ಅಕೌಂಟ್ ಯಾರ ಹೆಸರಿಲೆ? ಇದನ್ನ ಯಾರೂ ಕೇಳಂಗಿಲ್ಲ. ನನಗ ಗೊತ್ತಿದ್ದ ಒಂದು ತಂಡದ ಇಡೀ ಡೇಟಾ ಒಬ್ಬ ಸ್ಕಾಲರಿನ ಸಂಸ್ಥೆ ಇಮೇಲ್ ಮ್ಯಾಲಿತ್ತು, ಅವನ ಪಿಎಚ್‌ಡಿ ಮುಗೀತು, ಆರು ತಿಂಗಳಿಗೆ ಸಂಸ್ಥೆಯವರು ಆ ಇಮೇಲ್ ಮುಚ್ಚಿದ್ರು, ಶೀಟು ಅದರ ಸಂಗಟ ಹೋತು. ಅದಕ್ಕ ಕಡಿಮಿ ಅಂದ್ರೂ ಇಬ್ಬರು ಅಡ್ಮಿನ್ ಇರಬೇಕು, ಎರಡು ಬ್ಯಾರೆ ಊರಿನವರು ಇದ್ರ ಇನ್ನೂ ಚಲೋ. ದೊಡ್ಡ ಕಂಪನಿ ಅಂತ ನಂಬಾಕೂ ಹೋಗಬ್ಯಾಡ್ರಿ, ಗೂಗಲ್‌ನವರದ್ದ ಫ್ಯೂಶನ್ ಟೇಬಲ್ಸ್ ಅಂತ ಇತ್ತು, ಸಂಶೋಧಕರು ಭಾಳ ಮಂದಿ ಬಳಸ್ತಿದ್ರು, 2019ರ ಡಿಸೆಂಬರಿಗೆ ಬಾಗಲಾ ಹಾಕಿದ್ರು. ತಿಂಗಳಿಗೊಮ್ಮೆ ಎಲ್ಲಾ ಟೇಬಲ್‌ನ ಸಿಎಸ್‌ವಿ (ಬರೇ ಅಕ್ಷರ ಇರೋ ಸಾದಾ ಫೈಲು) ಆಗಿ ಇಳಿಸಿ, ಫೋಟೋ ಸಮೇತ ಒಂದು ಹಾರ್ಡ್‌ಡಿಸ್ಕ್ ಗದಗಿನ್ಯಾಗ, ಒಂದು ಧಾರವಾಡದಾಗ ಇಡ್ರಿ. ಆ ಸಿಎಸ್‌ವಿನ ಎಕ್ಸೆಲ್‌ನಾಗ ಡಬಲ್ ಕ್ಲಿಕ್ ಮಾಡಿ ತಗದ್ರ ಎಷ್ಟೋ ಸಲ ಕನ್ನಡದ ಬದಲಿ ತಲಿ ಮ್ಯಾಲೆ ಗೀಟು ಇರೋ ಇಂಗ್ಲಿಷ್ ‘ಎ’ಗಳ ಸಾಲು ಕಾಣ್ತಾವ, ಡೇಟಾ ಹಾಳಾತು ಅಂತ ಗಾಬರಿ ಆಗಬ್ಯಾಡ್ರಿ, ಸೇವ್ ಅಂತೂ ಒತ್ತಬ್ಯಾಡ್ರಿ, ಡೇಟಾ ಮೆನುವಿಂದ ಇಂಪೋರ್ಟ್ ಮಾಡಿ ಯುಟಿಎಫ್-8 ಅಂತ ಆರಿಸ್ರಿ, ಇಲ್ಲಂದ್ರ ಲಿಬ್ರೆ ಆಫೀಸಿನ್ಯಾಗ ತಗೀರಿ, ಅದು ಮೊದಲ ಕೇಳ್ತೈತಿ. ಪುಸ್ತಕ ಬಂದ ಮ್ಯಾಲೆ ಒಂದು ಪ್ರತಿ ಝೆನೋಡೋಗೆ ಹಾಕ್ರಿ, ಯುರೋಪಿನ ಸೆರ್ನ್‌ನವರು ನಡಸೋದು, ಪುಕ್ಕಟೆ, ಡಿಒಐ ಅಂತ ಎಂದೂ ಬದಲಾಗದ ಗುರುತಿನ ನಂಬರ್ ಕೊಡ್ತಾರ, ಬ್ಯಾರೆಯವರು ನಿಮ್ಮ ಡೇಟಾನ ಹೆಸರು ಹೇಳಿ ಉಲ್ಲೇಖ ಮಾಡಬಹುದು.

ಆ್ಯಪ್ ಹುಡುಗನ ಬಗ್ಗೆ. ಜಾಣ ಇರಬಹುದು, 60,000ಕ್ಕ ಚಂದನೂ ಮಾಡಿಯಾನು. ಬರೋ ವರ್ಷ ಅವಗ ಬೆಂಗಳೂರಾಗ ನೌಕರಿ ಹತ್ತತೈತಿ, ಅದರ ಮರುದಿನ ನಿಮ್ಮ ಸರ್ವರ್ ಬಂದ್ ಬೀಳ್ತೈತಿ, ಪಾಸ್‌ವರ್ಡ್ ಅವನ ಹತ್ರ ಇರ್ತೈತಿ. ಅದರ ಬದಲಿ ಅವಗ ಐದಾರು ಸಾವಿರ ಕೊಟ್ಟು ನುಡಿಯಿಂದ ಯೂನಿಕೋಡ್ ಮಾಡೋದು, ಓಪನ್‌ರಿಫೈನ್‌ನಾಗ ಊರಿನ ಹೆಸರು ಸ್ವಚ್ಛ ಮಾಡೋದು, ಇಷ್ಟು ಕೆಲಸ ಹಚ್ಚರಿ. ಇದಕ್ಕ ಅಂಥಾ ಹುಡುಗರ ಬೇಕು.

640ನ್ನೂ ಒಮ್ಮೆಲೆ ಹಾಕಬ್ಯಾಡ್ರಿ. ಮೊದಲ ಇಪ್ಪತ್ತು ಕಲ್ಲು, ಎರಡೂ ನರೇಗಲ್‌ನಿಂದ ಹತ್ತು ಹತ್ತು, ನಾಲ್ಕೂ ಮಂದಿ ತಲಾ ಐದು ತುಂಬರಿ. ಎಲ್ಲಿ ಅಡ್ಡ ಬಂತು, ಯಾವ ಕಾಲಂ ಯಾರೂ ತುಂಬಲಿಲ್ಲ, ಯಾವ ಪದಕ್ಕ ಇಬ್ಬರು ಎರಡು ಅರ್ಥ ಹಚ್ಚಿದ್ರು ಅನ್ನೋದು ಅಷ್ಟರಾಗ ಗೊತ್ತಾಗ್ತೈತಿ, ಟೇಬಲ್ ತಿದ್ದಿ ಆಮ್ಯಾಲೆ ಉಳದದ್ದು. ಮತ್ತ ಆ ಜಗಳದ ಕಲ್ಲನ್ನ ಇಪ್ಪತ್ತರಾಗ ಒಂದು ಮಾಡ್ಕೋರಿ, ನಂಬರ್ 0001 ಅದಕ್ಕ ಕೊಡ್ರಿ, ಎರಡೂ ಓದು ಹಾಕ್ರಿ. ನಡು ಮಧ್ಯಾಹ್ನದ ಬಿಸಿಲಾಗ ತಗದ ಫೋಟೋದಾಗ ಸವದ ಅಕ್ಷರ ಯಾರಿಗೂ ಕಾಣಂಗಿಲ್ಲ, ಹುಡುಗನ್ನ ಸಂಜಿ ಐದೂವರಿ ಸುಮಾರಿಗೆ ಹೊಳ್ಳಿ ಕಳಸ್ರಿ, ಬಿಸಿಲು ಓರೆ ಬೀಳುವಾಗ, ಇಲ್ಲಾ ಕತ್ತಲಾದ ಮ್ಯಾಲೆ ಬ್ಯಾಟರಿನ ಕಲ್ಲಿನ ಅಂಚಿಗೆ ಹಿಡದು ನಾಲ್ಕೂ ಕಡಿಂದ. ಆ ಫೋಟೋ ಅದ ರೆಕಾರ್ಡಿಗೆ ಕಟ್ಟಿ ಧಾರವಾಡದವರಿಗೆ ತೋರಸ್ರಿ, ಅವರು ಇನ್ನೂ ಏನೂ ಹೇಳಿಲ್ಲ ಅಲ್ಲ? ಅವರ ಓದು ಮೂರನೇದ್ದು ಆಗ್ಲಿ, ನಿಮ್ಮಿಬ್ಬರದ್ದೂ ಅಲ್ಲೇ ಇರ್ಲಿ.